ಮನೆ ಮುಗಿದರೆ ಸಾಲದು, ಬಡಾವಣೆಯೂ ಮುಗಿಯಬೇಕು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿದ ಕಾಲದಲ್ಲಿ ಮನೆಯನ್ನು ಕಟ್ಟಿಸುವವನೂ ಅದರಲ್ಲಿ ವಾಸಮಾಡುವವನೂ ಒಬ್ಬನೇ ಆಗಿದ್ದನು. ಮೇಸ್ತ್ರಿಯು ತಪ್ಪು ಮಾಡಿದರೆ ಯಜಮಾನನು ಎದುರಿಗೆ ನಿಂತು ತಿದ್ದಿಸುತ್ತಿದ್ದನು. ಈಗಲಾದರೋ ಪಟ್ಟಣಗಳಲ್ಲಿ ಬಹುಮಂದಿ ಗೃಹಸ್ಥರು ಮನೆಯನ್ನು ಕಟ್ಟಿಸುವುದಿಲ್ಲ, ಕೊಳ್ಳುತ್ತಾರೆ. ಅದನ್ನೂ ಗೋಡೆ ನೆಲದಿಂದ ಮೇಲೇಳುವ ಮೊದಲೇ, ಬಣ್ಣದ ಚಿತ್ರಗಳುಳ್ಳ ಪುಸ್ತಿಕೆಯನ್ನು ನೋಡಿ, ಬ್ಯಾಂಕಿನ ಸಾಲವನ್ನು ತಲೆಯ ಮೇಲೆ ಹೊತ್ತು ಕೊಳ್ಳುತ್ತಾರೆ. ಗೃಹಪ್ರವೇಶವೂ ಆಗುತ್ತದೆ. ಆದರೆ ಪುಸ್ತಿಕೆಯಲ್ಲಿದ್ದ ರಸ್ತೆ, ಚರಂಡಿ, ಉದ್ಯಾನ, ಕುಡಿಯುವ ನೀರು, ಕೊಳಚೆ ನೀರಿನ ಶುದ್ಧೀಕರಣ ಘಟಕ ಇವೆಲ್ಲವೂ "ಇನ್ನು ಮೂರು ತಿಂಗಳಲ್ಲಿ" ಎಂಬ ಮಾತಿನಲ್ಲಿಯೇ ಉಳಿದುಬಿಡುತ್ತವೆ.

ಇದು ಸಣ್ಣ ತೊಂದರೆಯಲ್ಲ. ನೀರಿಲ್ಲದ ಬಡಾವಣೆಯಲ್ಲಿ ತಿಂಗಳು ತಿಂಗಳೂ ಟ್ಯಾಂಕರಿನ ಹಣ ಗೃಹಿಣಿಯ ಲೆಕ್ಕದಿಂದಲೇ ಹೋಗಬೇಕು. ಬೀದಿದೀಪವಿಲ್ಲದ ರಸ್ತೆಯಲ್ಲಿ ಸಂಜೆ ಪಾಠ ಮುಗಿಸಿ ಬರುವ ಮಗಳನ್ನು ಎದುರುಗೊಳ್ಳಲು ತಂದೆಯೋ ತಾಯಿಯೋ ಹೋಗಬೇಕು. ಚರಂಡಿ ಕೂಡದ ಕಡೆ ನೀರು ನಿಂತು, ಸೊಳ್ಳೆ ಬೆಳೆದು, ಜ್ವರ ಮನೆಯೊಳಕ್ಕೆ ಬರುತ್ತದೆ.

ಈ ವಿಷಯವನ್ನು ನಮ್ಮ ನಾಡು ಬಹಳ ಹಿಂದೆಯೇ ಕಲಿತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಇಕ್ಕಟ್ಟಿನ ಪೇಟೆಯ ಜನರು ತತ್ತರಿಸಿದಾಗ, ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಏರ್ಪಟ್ಟವು. ನೇರವಾದ ಅಗಲ ರಸ್ತೆಗಳು, ಅಡ್ಡರಸ್ತೆಗಳು, ಗಾಳಿ ಬೆಳಕಿಗೆ ಎಡೆ ಇವು ಅಲ್ಲಿ ಅಲಂಕಾರಗಳಾಗಿರಲಿಲ್ಲ, ಆರೋಗ್ಯದ ಅಗತ್ಯಗಳಾಗಿದ್ದವು. ಮುಂದೆ 1945ರಲ್ಲಿ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದವು. ಅನಂತರ ಖಾಸಗಿ ಬಿಲ್ಡರುಗಳ ಕಾಲವು ಬಂದಿತು.

ಖಾಸಗಿ ಬಡಾವಣೆಯ ಕೆಲಸ ಕೊನೆಯಲ್ಲಿಯೇ ನಿಂತುಹೋಗುವುದೇಕೆ? ಕಾರಣ ಸರಳವಾಗಿದೆ. ಮನೆಯನ್ನು ಮಾರಿದರೆ ಹಣ ಬರುತ್ತದೆ; ಚರಂಡಿಯನ್ನು ಯಾರೂ ಕೊಳ್ಳುವುದಿಲ್ಲ. ಕಟ್ಟಕಡೆಯ ಮನೆ ಮಾರಿಹೋದ ಮೇಲೆ ಬಿಲ್ಡರಿಗೆ ಆ ಸ್ಥಳದಲ್ಲಿ ಉಳಿಯುವುದು ವೆಚ್ಚವೇ ಹೊರತು ಲಾಭವಲ್ಲ. ಆದಕಾರಣ ಇಲ್ಲಿಯ ಹಣ ಇನ್ನೊಂದು ಊರಿನ ಜಮೀನಿಗೆ ಮುಂಗಡವಾಗಿ ಹೋಗುವುದುಂಟು.

ಈ ದಾರಿಯನ್ನು ಕಟ್ಟುವುದಕ್ಕಾಗಿಯೇ 2016ರಲ್ಲಿ ಕೇಂದ್ರ ಸರ್ಕಾರದ ರಿಯಲ್ ಎಸ್ಟೇಟ್ ಕಾಯಿದೆಯು ಬಂದಿತು. ಜನರು ಇದನ್ನು ರೇರಾ ಎಂದು ಕರೆಯುತ್ತಾರೆ. ಇದು 2017ನೆಯ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70 ಭಾಗವನ್ನು ಪ್ರತ್ಯೇಕ ಬ್ಯಾಂಕು ಖಾತೆಯಲ್ಲಿಟ್ಟು, ಆ ಯೋಜನೆಯ ಜಮೀನಿಗೂ ಕಟ್ಟಡಕ್ಕೂ ಮಾತ್ರ ವಿನಿಯೋಗಿಸಬೇಕೆಂದು ಇದು ವಿಧಿಸುತ್ತದೆ. ಮಂಜೂರಾದ ನಕ್ಷೆಯನ್ನು ಬದಲಾಯಿಸಬೇಕಾದರೆ ಕೊಂಡವರಲ್ಲಿ ಮೂರರಲ್ಲಿ ಎರಡು ಭಾಗದವರ ಲಿಖಿತ ಒಪ್ಪಿಗೆ ಬೇಕು. ಹೇಳಿದ ವೇಳೆಗೆ ಮನೆಯನ್ನು ಕೊಡದಿದ್ದರೆ, ಕೊಂಡವನು ಹಣವನ್ನು ಬಡ್ಡಿಸಹಿತ ಹಿಂದಕ್ಕೆ ಕೇಳಬಹುದು, ಇಲ್ಲವೆ ಕಾದಿದ್ದು ಪ್ರತಿ ತಿಂಗಳಿಗೂ ಬಡ್ಡಿಯನ್ನು ಪಡೆಯಬಹುದು. ಮನೆ ಕೈಗೆ ಬಂದ 5 ವರ್ಷಗಳೊಳಗೆ ಕಟ್ಟಡದಲ್ಲಿ ದೋಷವನ್ನು ಕಂಡು ತಿಳಿಸಿದರೆ, 30 ದಿನಗಳೊಳಗೆ ಬಿಲ್ಡರು ತನ್ನ ವೆಚ್ಚದಲ್ಲಿಯೇ ಸರಿಪಡಿಸತಕ್ಕದ್ದು. ಯೋಜನೆಯ ನೋಂದಣಿಯೇ ರದ್ದಾದರೆ, ಉಳಿದ ಕೆಲಸವನ್ನು ತಾವೇ ನಡೆಸಿಕೊಳ್ಳುವ ಮೊದಲ ಹಕ್ಕು ನಿವಾಸಿಗಳ ಸಂಘಕ್ಕೆ ಸೇರಿರುತ್ತದೆ.

ನ್ಯಾಯಾಲಯಗಳೂ ನಿವಾಸಿಗಳ ಕೈಬಿಟ್ಟಿಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಡಿಎಲ್‌ಎಫ್ ಬಳಗದ ಕಂಪನಿಯೊಂದು ಕಟ್ಟಿದ ವಸತಿ ಸಮುಚ್ಚಯದಲ್ಲಿ, ಮನೆಗಳು ತಡವಾಗಿ ದೊರೆತವು, ಹೇಳಿದ ಸೌಕರ್ಯಗಳು ಬರಲಿಲ್ಲ ಎಂದು 339 ಮಂದಿ ದೂರಿತ್ತರು. ರಾಷ್ಟ್ರೀಯ ಗ್ರಾಹಕ ಆಯೋಗವು 2019ರಲ್ಲಿ ದೂರನ್ನು ತಳ್ಳಿಹಾಕಿತು. ಅವರು ಎದೆಗುಂದದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2020ನೆಯ ಆಗಸ್ಟ್ 24ರಂದು ಬಂದ ತೀರ್ಪಿನಲ್ಲಿ, ವಿಳಂಬಕ್ಕೂ ಸೌಕರ್ಯಗಳ ವಿಷಯದಲ್ಲಿ ಕೊಟ್ಟ ಮಾತನ್ನು ನಡೆಸದಿದ್ದುದಕ್ಕೂ ಪರಿಹಾರ ಸಲ್ಲಬೇಕೆಂದು ನ್ಯಾಯಾಲಯವು ಹೇಳಿ, ಕರಾರಿನಲ್ಲಿದ್ದ ಅಲ್ಪ ಪರಿಹಾರದ ಮೇಲೆ ನೂರಕ್ಕೆ 6ರಂತೆ ಸರಳ ಬಡ್ಡಿಯನ್ನೂ ಕೊಡಿಸಿತು. ಮನೆಯನ್ನು ವಶಕ್ಕೆ ತೆಗೆದುಕೊಂಡ ಮಾತ್ರಕ್ಕೆ ಹಕ್ಕು ಅಳಿದುಹೋಗದೆಂಬುದು ಈ ತೀರ್ಪಿನ ಮುಖ್ಯವಾದ ಮಾತು.

ಇನ್ನೊಂದು ಪ್ರಕರಣವು ಮುಂಬಯಿಯದು. ಅಲ್ಲಿಯ ಒಂದು ಗೃಹನಿರ್ಮಾಣ ಸಹಕಾರ ಸಂಘದವರು 1997ರಲ್ಲಿಯೇ ವಾಸಕ್ಕೆ ಬಂದರೂ, ಬಿಲ್ಡರು ಕಟ್ಟಡಕ್ಕೆ ವಾಸಯೋಗ್ಯತೆಯ ಪತ್ರವನ್ನು, ಎಂದರೆ ನಾವು ಓ.ಸಿ. ಎನ್ನುವ ಕಾಗದವನ್ನು, ತಂದುಕೊಡಲಿಲ್ಲ. ಆ ಒಂದು ಕಾಗದವಿಲ್ಲದ ಕಾರಣ ಅವರು ಆಸ್ತಿ ತೆರಿಗೆಯನ್ನು ನೂರಕ್ಕೆ 25ರಷ್ಟೂ ನೀರಿನ ಶುಲ್ಕವನ್ನು ನೂರಕ್ಕೆ 50ರಷ್ಟೂ ಹೆಚ್ಚಾಗಿ ತೆರಬೇಕಾಯಿತು. ಕಾಲ ಮೀರಿತೆಂದು ರಾಷ್ಟ್ರೀಯ ಆಯೋಗವು ಅವರ ದೂರನ್ನು ತಿರಸ್ಕರಿಸಿತ್ತು; ಆದರೆ ಪತ್ರವನ್ನು ಕೊಡದಿರುವುದು ದಿನದಿನವೂ ಮುಂದುವರಿಯುವ ತಪ್ಪೆಂದು 2022ನೆಯ ಜನವರಿ 11ರಂದು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಗೆಲುವೇನೋ ದೊಡ್ಡದು, ಆದರೆ ಆ ವೇಳೆಗೆ 25 ವರ್ಷಗಳು ಕಳೆದುಹೋಗಿದ್ದವು.

ಆದುದರಿಂದ ಗೃಹಸ್ಥರು ಮೊದಲೇ ಎಚ್ಚರಗೊಳ್ಳುವುದು ಯುಕ್ತವು. ಒಬ್ಬೊಬ್ಬರಾಗಿ ಕಚೇರಿಯ ಬಾಗಿಲಿಗೆ ಹೋದರೆ ಒಬ್ಬೊಬ್ಬರಿಗೂ ಒಂದೊಂದು ಸಮಾಧಾನದ ಮಾತು ಸಿಕ್ಕುತ್ತದೆ. ಸಂಘವಾಗಿ ಹೋದರೆ ಉತ್ತರವನ್ನು ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ. ಸಂಘವನ್ನು ಕಟ್ಟಿಕೊಳ್ಳುವುದಕ್ಕೆ ಅನುವು ಮಾಡಿಕೊಡುವುದು ಬಿಲ್ಡರ ಕರ್ತವ್ಯ, ಅದರಲ್ಲಿ ಸೇರುವುದು ಕೊಂಡವರ ಕರ್ತವ್ಯ ಎಂದು ಕಾಯಿದೆಯೇ ಹೇಳುತ್ತದೆ. ಮನೆಯನ್ನು ಬಾಡಿಗೆಗೆ ಕೊಟ್ಟು ಬೇರೆಡೆ ಇರುವವರು "ನಮಗೇಕೆ" ಎಂದು ದೂರ ನಿಲ್ಲುವುದುಂಟು. ಚರಂಡಿ ಇಲ್ಲದ ಬೀದಿಯಲ್ಲಿ ಅವರ ಮನೆಯ ಬೆಲೆಯೂ ಇಳಿಯುವುದೆಂಬುದನ್ನು ಅವರಿಗೆ ತಿಳಿಯಹೇಳಬೇಕು.

ಎರಡನೆಯದು, ಕಾಗದಪತ್ರಗಳು. ಜಾಹೀರಾತಿನ ಪುಸ್ತಿಕೆ, ಕರಾರು, ಮಂಜೂರಾದ ನಕ್ಷೆ, ಹಣ ಕೊಟ್ಟ ರಸೀದಿಗಳು ಇವುಗಳಲ್ಲಿ ಒಂದನ್ನೂ ಬಿಸಾಡಬಾರದು. ಆಗದ ಕೆಲಸಗಳನ್ನೆಲ್ಲ ನಕ್ಷೆಯೊಡನೆ ಹೋಲಿಸಿ ಪಟ್ಟಿಮಾಡಿ, ಒಂದೊಂದಕ್ಕೂ ತಾರೀಖನ್ನು ಕೇಳಿ, ಸಂಘದ ಹೆಸರಿನಲ್ಲಿ ಪತ್ರ ಬರೆಯಬೇಕು. ಪಂಪು, ಲಿಫ್ಟು, ಜನರೇಟರುಗಳನ್ನು ತಜ್ಞರಿಂದ ಪರೀಕ್ಷೆ ಮಾಡಿಸದೆ, ಬಾಕಿ ಕೆಲಸಗಳನ್ನು ಬರವಣಿಗೆಯಲ್ಲಿ ಕಾಣಿಸದೆ, ನಿರ್ವಹಣೆಯನ್ನು ವಹಿಸಿಕೊಂಡೆವೆಂದು ರುಜು ಹಾಕಬಾರದು. ಅಂತೆಯೇ ಕೋಪದಿಂದ ಕಂತನ್ನು ನಿಲ್ಲಿಸುವುದೂ ಸಲ್ಲದು. ವೇಳೆಗೆ ಹಣ ಕೊಡದವನು ತಾನೇ ಬಡ್ಡಿಯನ್ನು ತೆರಬೇಕಾಗುವುದು.

ಪತ್ರಕ್ಕೆ ಉತ್ತರ ಬಾರದಿದ್ದರೆ ರೇರಾ ಪ್ರಾಧಿಕಾರದ ಮುಂದೆ ಸಂಘವೇ ದೂರು ಕೊಡಬಹುದು. ಆದೇಶವಾದರೂ ಬಿಲ್ಡರು ಹಣ ಕಟ್ಟದಿದ್ದರೆ, ಅದನ್ನು ಭೂಕಂದಾಯದ ಬಾಕಿಯಂತೆ ವಸೂಲುಮಾಡುವ ಏರ್ಪಾಡಿದೆ. ಈ ವಸೂಲಿಯು ನಿಧಾನವೆಂಬುದು ಅನುಭವಿಗಳಿಗೆ ಗೊತ್ತಿದೆ. ಆದರೂ ಬೆನ್ನು ಬಿಡದವರಿಗೆ ಫಲ ಸಿಕ್ಕಿರುವುದುಂಟು. ಸುಮ್ಮನೆ ಕುಳಿತವರ ಬೀದಿಗೆ ಚರಂಡಿ ತಾನಾಗಿ ಬಂದುದು ಎಲ್ಲಿಯೂ ಕಾಣದು.

ಅಕ್ಕಪಕ್ಕದವರ ಹೆಸರನ್ನೂ ಅರಿಯದೆ ಬಾಳುವುದು ಪಟ್ಟಣದ ರೂಢಿಯಾಗಿದೆ. ಮುಗಿಯದ ಬಡಾವಣೆಯಲ್ಲಿ ಈ ರೂಢಿಯು ಬಿಲ್ಡರಿಗಲ್ಲದೆ ಇನ್ನಾರಿಗೂ ಅನುಕೂಲವಲ್ಲ. ಬರುವ ಭಾನುವಾರ ಎದುರು ಮನೆಯವರನ್ನು ಕರೆದು, ಕರಾರಿನ ಪತ್ರಗಳನ್ನು ಮುಂದಿಟ್ಟುಕೊಂಡು ಒಟ್ಟಿಗೆ ಓದಿರಿ. ಬಡಾವಣೆಯ ಉಳಿದ ಕೆಲಸಕ್ಕೆ ಅದೇ ಮೊದಲ ಕಲ್ಲು.