ಕುಲುಮೆಗೆ ಬೆಂಕಿ ಕೊಡುವ ಮುನ್ನ

ಕಲಬುರಗಿ ಜಿಲ್ಲೆಯಲ್ಲಿ ಹರಿಯುವ ಕಾಗಿಣಾ ನದಿಯ ಸುತ್ತಣ ನೆಲದಲ್ಲಿ ಸುಣ್ಣದ ಕಲ್ಲು ಪದರಪದರವಾಗಿ ಹಾಸಿಕೊಂಡಿದೆ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಈ ಪದರಗಳ ಕೊಡುಗೆಯೇ. ಇದೇ ಕಲ್ಲನ್ನು ನೆಚ್ಚಿಕೊಂಡು ಶಹಾಬಾದಿನಲ್ಲಿ ನಿಜಾಮರ ಆಳ್ವಿಕೆಯ ಕಾಲದಲ್ಲಿಯೇ ಸಿಮೆಂಟ್ ಕಾರ್ಖಾನೆಯೊಂದು ತಲೆಯೆತ್ತಿತು. 1968ರಲ್ಲಿ ಚಿತ್ತಾಪುರ ತಾಲ್ಲೂಕಿನ ವಾಡಿಯಲ್ಲಿ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡಗಳಲ್ಲಿ, ಅನಂತರ ಚಿಂಚೋಳಿಯ ಸೀಮೆಯಲ್ಲಿ ಇಂತಹ ಕಾರ್ಖಾನೆಗಳು ಸ್ಥಾಪನೆಗೊಂಡವು.

ಸಿಮೆಂಟ್ ಕಾರ್ಖಾನೆಯ ಹೃದಯವೆಂದರೆ ಅದರ ಕುಲುಮೆ. ಕಾರ್ಮಿಕರು ಇದನ್ನು ‘ಕಿಲ್ನ್’ ಎನ್ನುತ್ತಾರೆ. ತುಸು ಓರೆಯಾಗಿ ಮಲಗಿಸಿದ, ನಿಧಾನವಾಗಿ ತಿರುಗುವ ಈ ಉಕ್ಕಿನ ಕೊಳವೆ ಹತ್ತಾರು ಮೀಟರುಗಳಷ್ಟು ಉದ್ದವಾಗಿರುತ್ತದೆ. ಅದರೊಳಗೆ ಆಳು ನೆಟ್ಟಗೆ ನಡೆಯಬಹುದು. ಸುಣ್ಣದ ಕಲ್ಲು, ಜೇಡಿ ಮುಂತಾದವುಗಳ ಹುಡಿ ಇಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ‘ಕ್ಲಿಂಕರ್’ ಎಂಬ ಗಟ್ಟಿ ಉಂಡೆಗಳಾಗುತ್ತದೆ. ಇಷ್ಟು ಶಾಖ ತಗುಲಿದರೆ ಉಕ್ಕು ಬಲಗುಂದಿ ಬಾಗಿಹೋಗುತ್ತದೆ. ಅದನ್ನು ಕಾಪಾಡುವುದು ಒಳಮೈಗೆ ಕಟ್ಟಿದ ಬೆಂಕಿಯಿಟ್ಟಿಗೆಗಳ ಕವಚ.

ಉರಿಯುತ್ತಿರುವ ಕುಲುಮೆಗಿಂತ, ಆರಿದ ಕುಲುಮೆಗೆ ಮತ್ತೆ ಬೆಂಕಿ ಕೊಡುವ ಗಳಿಗೆ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಮೊದಲನೆಯ ಎಚ್ಚರ ಮನುಷ್ಯರದು. ದುರಸ್ತಿಗೆ ಒಳಗಿಳಿಯುವ ಪ್ರತಿಯೊಬ್ಬನೂ ಕೊಳವೆಯನ್ನು ತಿರುಗಿಸುವ ಮೋಟಾರಿನ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿರಬೇಕು. ಹೊರಬಂದ ಮೇಲೆ ಅವನೇ ಅದನ್ನು ತೆಗೆಯಬೇಕು. ಒಳಹೋದವರ ಎಣಿಕೆ ಹೊರಬಂದವರ ಎಣಿಕೆಗೆ ತಾಳೆಯಾಗುವವರೆಗೆ ಬೆಂಕಿಯ ಮಾತೇ ಸಲ್ಲದು.

ಎರಡನೆಯದು ಗಾಳಿ. ಒಳಗೆ ಉಳಿದಿರಬಹುದಾದ ಉರಿಯುವ ಅನಿಲವನ್ನು ದೊಡ್ಡ ಬೀಸಣಿಗೆಗಳಿಂದ ಹೊರದೂಡಿದ ಬಳಿಕವೇ ಕಿಡಿ ತಾಗಿಸಬೇಕು. ಹೊತ್ತಿದ ಜ್ವಾಲೆ ಆರಿದರೆ ಕೂಡಲೇ ಎಣ್ಣೆಯನ್ನು ನಿಲ್ಲಿಸಿ, ಗಾಳಿಯನ್ನು ಮತ್ತೆ ಹಾಯಿಸಬೇಕು. ಕಾದ ಇಟ್ಟಿಗೆಯಿಂದಲೇ ಹೊತ್ತಿಕೊಳ್ಳಲೆಂದು ಎಣ್ಣೆಯನ್ನು ಬಿಡುತ್ತಲೇ ಹೋದರೆ ಶೇಖರಗೊಂಡ ಆವಿ ಒಮ್ಮೆಗೇ ಸಿಡಿಯುತ್ತದೆ.

ಮೂರನೆಯದು ಎಣ್ಣೆಯ ಹದ. ಫರ್ನೇಸ್ ಆಯಿಲ್ ತಣ್ಣಗಿರುವಾಗ ಪಾಕದಂತೆ ಮಂದವಾಗಿರುತ್ತದೆ. ಕಾಯಿಸಿ ತೆಳುವಾಗಿಸಿದರೆ ಮಾತ್ರ ಅದು ಬರ್ನರಿನ ಮೂತಿಯಿಂದ ಮಂಜಿನಂತೆ ಚಿಮ್ಮಿ ಪೂರ್ಣವಾಗಿ ಉರಿಯುತ್ತದೆ. ಕಾಯಿಸುವ ಕೊಳವೆಯಲ್ಲಿ ಎಣ್ಣೆ ಹರಿಯುತ್ತಲೇ ಇರಬೇಕು. ನಿಂತ ಎಣ್ಣೆ ಸೀದು ಕರಿಕಟ್ಟುತ್ತದೆ. ಅದರಲ್ಲಿ ನೀರು ಬೆರೆತಿದ್ದರೆ ಅಪಾಯ ಇನ್ನೂ ಹೆಚ್ಚು. ನೀರು ಆವಿಯಾದಾಗ ಸುಮಾರು 1600 ಪಾಲು ಹಿಗ್ಗುವುದರಿಂದ ಎಣ್ಣೆ ಉಕ್ಕಿ ಚೆಲ್ಲುತ್ತದೆ. ಒಗ್ಗರಣೆಯ ಎಣ್ಣೆಗೆ ನೀರಿನ ಹನಿ ಬಿದ್ದಾಗ ಆಗುವುದೂ ಇದೇ.

ಇನ್ನು ಕೊನೆಯದಾಗಿ, ಎಲ್ಲಕ್ಕಿಂತ ಕಠಿನವಾದುದು ತಾಳ್ಮೆ. ಮಣ್ಣಿನ ಹಂಚನ್ನು ಒಮ್ಮೆಗೇ ದೊಡ್ಡ ಉರಿಗೆ ಒಡ್ಡಿದರೆ ಅದು ಬಿರಿಯುವುದನ್ನು ರೊಟ್ಟಿ ಬೇಯಿಸುವವರೆಲ್ಲ ಬಲ್ಲರು. ಅಂತೆಯೇ ಅವಸರದ ಶಾಖಕ್ಕೆ ಇಟ್ಟಿಗೆಗಳ ಮುಖ ಬೇಗ ಹಿಗ್ಗಿ, ಒಂದನ್ನೊಂದು ಒತ್ತಿ ಸಿಡಿಯುತ್ತವೆ. ಆದುದರಿಂದ ಶಾಖವನ್ನು ಗಂಟೆಗೆ ಸುಮಾರು 50 ಡಿಗ್ರಿಗೆ ಮೀರದಂತೆ ಏರಿಸುತ್ತಾರೆ. ಹೊಸದಾಗಿ ಇಟ್ಟಿಗೆ ಕಟ್ಟಿದ ಕುಲುಮೆ ಸಿದ್ಧವಾಗಲು ಒಂದು ಹಗಲು, ಒಂದು ರಾತ್ರಿಗಿಂತಲೂ ಹೆಚ್ಚು ಕಾಲ ಹಿಡಿಯುವುದುಂಟು. ಆ ಅವಧಿಯಲ್ಲಿ ಕೊಳವೆಯನ್ನು ಆಗಾಗ ಸ್ವಲ್ಪಸ್ವಲ್ಪವೇ ತಿರುಗಿಸುತ್ತಿರಬೇಕು. ಇಲ್ಲವಾದರೆ ಒಂದೇ ಮಗ್ಗುಲು ಕಾದು ಕೊಳವೆ ಡೊಂಕಾಗುತ್ತದೆ.

ಕಾರ್ಖಾನೆ ನಿಂತ ಪ್ರತಿಯೊಂದು ಗಂಟೆಯೂ ನಷ್ಟವೇ; ‘ಬೇಗ, ಬೇಗ’ ಎಂಬ ಒತ್ತಾಯ ಸಹಜವಾಗಿಯೇ ಬರುತ್ತದೆ. ಆದರೆ ಬೆಂಕಿಗೆ ಲಾಭನಷ್ಟದ ಲೆಕ್ಕ ತಿಳಿಯದು. ಎಣಿಕೆ ತಪ್ಪಿದಾಗ, ಜ್ವಾಲೆ ಹೊಯ್ದಾಡಿದಾಗ ‘ನಿಲ್ಲಿಸಿ’ ಎನ್ನುವ ಧೈರ್ಯ ಕುಲುಮೆಯ ಮುಂದೆ ನಿಂತ ಕಾರ್ಮಿಕನಿಗೆ ಇರಬೇಕು. ಆ ಮಾತಿಗೆ ಕಿವಿಗೊಡುವ ವಿವೇಕ ಮೇಲಧಿಕಾರಿಗೆ ಇರಬೇಕು. ಇಂದು ತಪ್ಪಿದ ಸಿಮೆಂಟನ್ನು ನಾಳೆ ತಯಾರಿಸಬಹುದು; ಹೋದ ಜೀವವನ್ನು ಮರಳಿ ತರಲಾಗದು.