ಇಯರ್‌ಫೋನ್ ಕೆಟ್ಟಿಲ್ರೀ, ಅದು ಫಜ್!

ಬೆಂಗಳೂರಿನ 'ಬೇವರ್ ಸೀ' ಬ್ಯಾಂಡ್ 2012ರಲ್ಲಿ ತನ್ನದೇ ಹೆಸರಿನ ಮೊದಲ ಆಲ್ಬಂ ತಂತು. ಹೆಸರನ್ನ ಒಮ್ಮೆ ಜೋರಾಗಿ ಓದ್ರಿ. ಹೌದು, ಅದೇ ಬೈಗುಳ! ಹಾಡು ಮಾತ್ರ ಇಂಗ್ಲಿಷಿನವು.

ರಾಣೆಬೆನ್ನೂರು ಬಸ್ಸಿನಲ್ಲಿ ಮೊದಲ ಸಲ ಕೇಳಿದಾಗ ಇಯರ್‌ಫೋನ್ ಕೆಟ್ಟಿದೆ ಅನ್ಕೊಂಡು, ಹಾವೇರಿಯಲ್ಲಿ ಇಳಿದು ಹೊಸದು ತಗೊಂಡೆ. ಬಿ.ಕಾಂ. ಓದಿದವನಿಗೆ ಶುದ್ಧ ನಷ್ಟ. ಹೊಸದರಲ್ಲೂ ಅದೇ ಗರಗರ!

ಅದು ಫಜ್. ಗಿಟಾರಿನ ಸಿಗ್ನಲ್ಲನ್ನು ಮಿತಿಮೀರಿ ಹಿಗ್ಗಿಸಿದರೆ ಅಲೆಯ ತುದಿ ಕತ್ತರಿಸಿ ಹೋಗುತ್ತೆ, ನಾದ ಒರಟಾಗುತ್ತೆ. ಬೇಕಂತಲೇ ಮಾಡಿದ್ದು. ಲಯವೂ ನಿಧಾನ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಇರೋದು ಖಾರಕ್ಕಲ್ಲ, ಬಣ್ಣಕ್ಕೆ. ಇಲ್ಲೂ ಹಂಗ: ವೇಗಕ್ಕಲ್ಲ, ತೂಕಕ್ಕೆ.

'ಅಬಿಷ್ಟು' ಹಾಡಿನಿಂದ ಶುರು ಮಾಡ್ರಿ. ವಾಲ್ಯೂಮ್ ಅರ್ಧಕ್ಕಿರಲಿ, ಇಯರ್‌ಫೋನ್ ಆದ್ರೆ ಅಂಗಡೀಲಿ ಸಿಗುತ್ತೆ, ಕಿವಿ ಸಿಗಲ್ಲ.