ಕೊಳಚೆ ನೀರಿನ ಪಾಚಿ, ಪೈರಿಗೆ ಟಾನಿಕ್ಕು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಪಾಠವೊಂದಿದೆ. ಗಿಡ ಹೂವಿಗೆ ಬಂದಾಗ ತುದಿಯ ಕುಡಿ ಮುರಿದರೆ ಕೆಲವೇ ದಿನಗಳಲ್ಲಿ ಎಲೆಗಳ ಕಂಕುಳಿಂದ ಚಿಗುರು ನುಗ್ಗಿ ಬರುತ್ತದೆ. ಅದನ್ನೂ ಕೀಳದಿದ್ದರೆ ಎಲೆಗೆ ತೂಕ ಬರುವುದಿಲ್ಲ. ಕುಡಿ ಇರುವವರೆಗೆ ಸುಮ್ಮನಿದ್ದ ಮೊಗ್ಗುಗಳು ಅದು ಹೋದ ಕೂಡಲೇ ಏಳುವುದು ಏಕೆ? ತುದಿಯಲ್ಲಿ ತಯಾರಾಗಿ ಕಾಂಡದಲ್ಲಿ ಕೆಳಗಿಳಿಯುತ್ತಿದ್ದ ಆಕ್ಸಿನ್ ಎಂಬ ಹಾರ್ಮೋನು ನಿಂತುಹೋಗುತ್ತದೆ. ಅದರ ತಡೆ ತಪ್ಪಿದೊಡನೆ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನಿನ ಕೈ ಮೇಲಾಗುತ್ತದೆ.

ಈ ಎರಡರ ಹೊಂದಾಣಿಕೆಯನ್ನು ವಿಜ್ಞಾನಿಗಳು ಬಿಡಿಸಿ ತೋರಿಸಿದ್ದೂ ಹೊಗೆಸೊಪ್ಪಿನ ಗಿಡದಲ್ಲೇ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ಅದರ ಕಾಂಡದ ತಿರುಳನ್ನು ಗಾಜಿನ ಸೀಸೆಯಲ್ಲಿ ಬೆಳೆಸಿದರು. ಆಕ್ಸಿನ್ ಹೆಚ್ಚಿದ್ದಾಗ ಬೇರು ಬಂತು, ಸೈಟೊಕೈನಿನ್ ಹೆಚ್ಚಿದ್ದಾಗ ಚಿಗುರು ಬಂತು, ನಡುವಿನ ಪ್ರಮಾಣದಲ್ಲಿ ಎರಡೂ ಬಾರದೆ ಬರೀ ಮುದ್ದೆ ಬೆಳೆಯಿತು. ಇನ್ನೂ ಹಿಂದೆ, 1934ರಲ್ಲಿ, ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಕೋಗ್ಲ್ ಮತ್ತು ಅವರ ಸಂಗಡಿಗರು ಇಂಡೋಲ್ ಅಸಿಟಿಕ್ ಆಮ್ಲವನ್ನು, ಅಂದರೆ ಗಿಡಗಳ ಮುಖ್ಯ ಆಕ್ಸಿನ್ನನ್ನು, ಬೇರ್ಪಡಿಸಿದ್ದು ಮನುಷ್ಯರ ಮೂತ್ರದಿಂದ. ಗಿಡ ಬೆಳೆಸುವ ವಸ್ತು ನಮ್ಮ ಬಚ್ಚಲ ನೀರಿನಲ್ಲೇ ಹರಿದುಹೋಗುತ್ತಿದೆ ಎಂಬುದು ಅಂದಿನಿಂದ ಗೊತ್ತಿರುವ ಸಂಗತಿ.

ಆ ನೀರಿನಿಂದಲೇ ಹಾರ್ಮೋನು ಬಸಿದುಕೊಳ್ಳುವ ಕೆಲಸ ಲಾಭದ್ದಲ್ಲ. ಅದರ ಬದಲು ಅಲ್ಲಿ ಸೂಕ್ಷ್ಮ ಪಾಚಿ ಬೆಳೆಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಪಾಚಿ ನೀರಿನ ಸಾರಜನಕ, ರಂಜಕಗಳನ್ನು ತಿಂದು ನೀರನ್ನು ತಿಳಿಗೊಳಿಸುತ್ತದೆ. ತನ್ನ ಮೈಯೊಳಗೆ ಆಕ್ಸಿನ್, ಸೈಟೊಕೈನಿನ್‌ಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಕೆಲಸದ ಮೊದಲರ್ಧ ಮೈಸೂರಿನಲ್ಲಿ ಈಗಾಗಲೇ ನಡೆಯುತ್ತಿದೆ.

ವಿದ್ಯಾರಣ್ಯಪುರದ ಕೊಳಚೆ ನೀರು ಶುದ್ಧೀಕರಣ ಘಟಕ, ಜನ ಸೂಯೆಜ್ ಫಾರಂ ಎನ್ನುವ ಜಾಗ, ದಿನಕ್ಕೆ 6 ಕೋಟಿ 76 ಲಕ್ಷ ಲೀಟರ್ ಸಾಮರ್ಥ್ಯದ್ದು. ಅಲ್ಲಿ ನೀರು ದೊಡ್ಡ ದೊಡ್ಡ ಹೊಂಡಗಳಲ್ಲಿ ನಿಧಾನವಾಗಿ ಸಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾಮಾಧವ ಮಹಾಪಾತ್ರ, ಎಚ್.ಎನ್. ಚಾಣಕ್ಯ ಮತ್ತು ಟಿ.ವಿ. ರಾಮಚಂದ್ರ ಈ ಘಟಕವನ್ನು ಅಳೆದು 2013ರಲ್ಲಿ ವರದಿ ಪ್ರಕಟಿಸಿದರು. ಒಳಬಂದ ನೀರು ಹೊರಹೋಗಲು 14 ದಿನಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಕೊಳೆಯುವ ವಸ್ತುವಿನ ಅಳತೆಯಾದ ಬಿಒಡಿ ನೂರಕ್ಕೆ 82ರಷ್ಟು ಇಳಿಯುತ್ತದೆ.

ಅಂಥ ಹೊಂಡದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೆಲಸಗಾರರೇ ಕಣ್ಣಿಗೆ ಬೀಳುತ್ತಾರೆ. ಮೊದಲ ಹೊಂಡಗಳಲ್ಲಿ ಯೂಗ್ಲೀನಾ ಜಾತಿಯವುಗಳ ಜಾತ್ರೆ. ಹಸಿರು ಮೈ, ಒಂದು ತುದಿಯಲ್ಲಿ ಕೆಂಪು ಕಣ್ಣುಚುಕ್ಕೆ, ಚಾವಟಿಯಂಥ ಎಳೆ ಬೀಸುತ್ತಾ ಹೊರಳಿ ಹೊರಳಿ ಈಜುತ್ತವೆ. ಬೆಳಕಿದ್ದಾಗ ಗಿಡದ ಹಾಗೆ ಆಹಾರ ತಯಾರಿಸಿಕೊಳ್ಳುವ ಇವು, ಬೆಳಕು ಸಾಲದ ಕದಡಿದ ನೀರಿನಲ್ಲಿ ಕೊಳೆಯನ್ನೇ ಹೀರಿ ಬದುಕಬಲ್ಲವು. ನೀರು ತಿಳಿಯಾಗುತ್ತಾ ಮುಂದಿನ ಹೊಂಡಗಳಿಗೆ ಬಂದಂತೆ ಹಸಿರು ಪಾಚಿಗಳ ಸರದಿ. ಗುಂಡಗಿನ ಕ್ಲೋರೆಲ್ಲಾ, ನಾಲ್ಕು ಕೋಶಗಳು ಸಾಲಾಗಿ ಅಂಟಿಕೊಂಡ ಸೀನೆಡೆಸ್ಮಸ್ ಈ ಗುಂಪಿಗೆ ಸೇರಿದವು. ಇವು ಹಗಲೆಲ್ಲ ಬಿಡುವ ಆಮ್ಲಜನಕವನ್ನು ಉಸಿರಾಡಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ಒಡೆಯುತ್ತವೆ. ಬ್ಯಾಕ್ಟೀರಿಯಾ ಬಿಟ್ಟ ಇಂಗಾಲದ ಡೈಆಕ್ಸೈಡು, ಅಮೋನಿಯಾ ಪಾಚಿಗೆ ಊಟ. ಕ್ಯಾಲಿಫೋರ್ನಿಯಾದ ವಿಲಿಯಂ ಓಸ್ವಾಲ್ಡ್ 1950ರ ದಶಕದಲ್ಲೇ ಈ ಕೊಡುಕೊಳ್ಳುವಿಕೆಯನ್ನು ಲೆಕ್ಕ ಹಾಕಿ, ಮೊಣಕಾಲುದ್ದಕ್ಕೂ ಕಡಿಮೆ ಆಳದ ನೀರನ್ನು ತಿರುಗಿಸುವ ಪಾಚಿ ಕೊಳಗಳನ್ನು ರೂಪಿಸಿದ್ದರು.

ಆದರೆ ಮೈಸೂರಿನ ಅಳತೆಯಲ್ಲಿ ಇನ್ನೊಂದು ಅಂಕಿ ಇದೆ, ನನ್ನನ್ನು ಕಾಡುವುದು ಅದೇ. ಅಮೋನಿಯಾ ರೂಪದ ಸಾರಜನಕ ಕಡಿಮೆಯಾಗಿದ್ದು ನೂರಕ್ಕೆ 18 ಪಾಲು ಮಾತ್ರ. ಉಳಿದದ್ದು ನೀರಿನೊಡನೆ ಮುಂದೆ ಹೋಗುತ್ತದೆ. ರೈತ ಅಂಗಡಿಯಲ್ಲಿ ದುಡ್ಡು ಕೊಟ್ಟು ಯೂರಿಯಾ ರೂಪದಲ್ಲಿ ತರುವುದು ಇದೇ ಸಾರಜನಕವನ್ನು. ಒಣಗಿದ ಪಾಚಿಯ ತೂಕದಲ್ಲಿ ನೂರಕ್ಕೆ 6ರಿಂದ 10 ಪಾಲು ಸಾರಜನಕ, ಸುಮಾರು 1 ಪಾಲು ರಂಜಕ ಇರುತ್ತವೆ. ಬೆಳೆದ ಪಾಚಿಯನ್ನು ಹೊಂಡದಿಂದ ಎತ್ತದಿದ್ದರೆ ಅದು ಅಲ್ಲೇ ಸತ್ತು, ಕೊಳೆತು, ತಿಂದದ್ದನ್ನೆಲ್ಲ ನೀರಿಗೇ ವಾಪಸು ಮಾಡುತ್ತದೆ. ಪೈರು ಬೆಳೆದು ಕೊಯ್ಲು ಮಾಡದೆ ಹೊಲದಲ್ಲೇ ಬಿಟ್ಟ ಹಾಗೆ.

ಕೊಯ್ಲು ಮಾಡಿದರೆ ಸಿಗುವುದು ಬರೀ ಗೊಬ್ಬರವಲ್ಲ. ದಕ್ಷಿಣ ಆಫ್ರಿಕಾದ ವೆಂಡಿ ಸ್ಟರ್ಕ್, ಹಂಗೇರಿಯ ವಿನ್ಸ್ ಓರ್ಡಾಗ್ ಮೊದಲಾದವರು 2013ರಲ್ಲಿ 24 ಬಗೆಯ ಸೂಕ್ಷ್ಮ ಪಾಚಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಆಕ್ಸಿನ್, ಸೈಟೊಕೈನಿನ್ ಎರಡೂ ಸಿಕ್ಕವು. ಬೇರಿಲ್ಲದ, ಚಿಗುರಿಲ್ಲದ ಒಂಟಿ ಕೋಶಕ್ಕೆ ಇವು ಏಕೆ ಬೇಕು? ಕೋಶ ಒಡೆದು ಎರಡಾಗುವುದನ್ನು, ದಪ್ಪವಾಗುವುದನ್ನು ಹದಗೊಳಿಸಲು. ಸುತ್ತಲಿನ ಬ್ಯಾಕ್ಟೀರಿಯಾಗಳೂ ಕೈಜೋಡಿಸುತ್ತವೆ. ಸಮುದ್ರದ ಡಯಾಟಮ್ ಎಂಬ ಪಾಚಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಬಿಟ್ಟುಕೊಡುತ್ತದೆ, ಅದನ್ನು ಪಡೆದ ಬ್ಯಾಕ್ಟೀರಿಯಾ ಆಕ್ಸಿನ್ ತಯಾರಿಸಿ ಪಾಚಿಗೇ ಹಿಂದಿರುಗಿಸಿ ಅದರ ಬೆಳವಣಿಗೆ ಹೆಚ್ಚಿಸುತ್ತದೆ ಎಂದು 2015ರಲ್ಲಿ ತೋರಿಸಲಾಗಿದೆ. ಕೊಳಚೆ ನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಬರವಿಲ್ಲ.

ಪಾಚಿಯ ಸಾರದಲ್ಲಿ ಹಾರ್ಮೋನಿನ ಶಕ್ತಿ ಇದೆಯೋ ಇಲ್ಲವೋ ನೋಡುವ ವಿಧಾನ ಬಹಳ ಚೆಂದದ್ದು. ಹೆಸರುಕಾಳಿನ ಎಳೆ ಸಸಿಯ ಬೇರು ಕತ್ತರಿಸಿ, ಕಾಂಡವನ್ನು ಸಾರ ಬೆರೆಸಿದ ನೀರಿನಲ್ಲಿ ನಿಲ್ಲಿಸುತ್ತಾರೆ. ಆಕ್ಸಿನ್ ಇದ್ದರೆ ಕತ್ತರಿಸಿದ ಕಾಂಡದ ಮೇಲೆ ಬಿಳಿ ಗುಳ್ಳೆಗಳಂತೆ ಹೊಸ ಬೇರುಗಳು ಮೂಡುತ್ತವೆ. ಬರೀ ನೀರಿನಲ್ಲಿಟ್ಟ ಸಸಿಯ ಬೇರುಗಳನ್ನೂ ಇದರ ಬೇರುಗಳನ್ನೂ ಎಣಿಸಿ ಹೋಲಿಸಿದರೆ ಮುಗಿಯಿತು. ಸೈಟೊಕೈನಿನ್ ಪತ್ತೆಗೆ ಸೌತೆಕಾಯಿ ಸಸಿಯ ಬೀಜದಳ ಎಷ್ಟು ಅಗಲವಾಗುತ್ತದೆಂದು ಅಳೆಯುತ್ತಾರೆ. ಸ್ಪೇನಿನ ಅಲ್ಮೇರಿಯಾ ವಿಶ್ವವಿದ್ಯಾಲಯದವರು ಹಂದಿ ಸಾಕಣೆಯ ಕೊಳಚೆ ನೀರಿನಲ್ಲಿ ಬೆಳೆದ ಪಾಚಿಯನ್ನು ಇಂಥ ಪರೀಕ್ಷೆಗಳಿಗೆ ಒಡ್ಡಿ, ಪೈರಿಗೆ ಸಿಂಪಡಿಸುವ ಸಾರ ತಯಾರಿಸುವ ದಾರಿ ಹುಡುಕುತ್ತಿದ್ದಾರೆ.

ಇನ್ನು ತೊಡಕುಗಳ ಮಾತು. ಮೊದಲನೆಯದೇ ಕೊಯ್ಲು. ಕ್ಲೋರೆಲ್ಲಾ ಕೋಶದ ಅಗಲ ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಕಡಿಮೆ. ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ. ಚೆನ್ನಾಗಿ ಬೆಳೆದ ಕೊಳದಲ್ಲೂ ಲೀಟರಿಗೆ ಅರ್ಧ ಗ್ರಾಂ ಪಾಚಿ ಸಿಕ್ಕಿತೆಂದುಕೊಳ್ಳಿ, ಒಂದು ಕಿಲೋಗೆ 2,000 ಲೀಟರ್ ನೀರು ಜಾಲಾಡಬೇಕು. ಪಟಿಕ ಹಾಕಿದರೆ ಪಾಚಿ ಗರಣೆಗಟ್ಟಿ ತಳಕ್ಕಿಳಿಯುತ್ತದೆ, ಆದರೆ ಅಲ್ಯೂಮಿನಿಯಂ ಅದರೊಳಗೇ ಉಳಿಯುತ್ತದೆ. ನುಗ್ಗೆ ಬೀಜದ ಪುಡಿಗೂ ಪಾಚಿಯನ್ನು ಗರಣೆಗಟ್ಟಿಸುವ ಗುಣವಿದೆ, ನಮ್ಮ ಕಡೆಗೆ ಅದೇ ಒಗ್ಗೀತು. ಆಮೇಲೆ ಗಟ್ಟಿ ಕೋಶಭಿತ್ತಿಯನ್ನು ಒಡೆಯಬೇಕು, ಇಲ್ಲದಿದ್ದರೆ ಒಳಗಿನ ಹಾರ್ಮೋನು ಎಲೆಗೆ ತಲುಪುವುದಿಲ್ಲ.

ಅದಕ್ಕಿಂತ ದೊಡ್ಡ ಎಚ್ಚರ ಪ್ರಮಾಣದ್ದು. ಹಾರ್ಮೋನು ಕೆಲಸ ಮಾಡುವುದು ಅತ್ಯಲ್ಪ ಪ್ರಮಾಣದಲ್ಲಿ. ಹೆಚ್ಚಾದರೆ ಅದೇ ವಿಷ. ಕಳೆ ಸುಡಲು ಹೊಡೆಯುವ ಟು-ಫೋರ್-ಡಿ ಕೃತಕ ಆಕ್ಸಿನ್ನೇ, ಗಿಡವನ್ನು ಅಡ್ಡಾದಿಡ್ಡಿ ಬೆಳೆಸಿಯೇ ಕೊಲ್ಲುತ್ತದೆ. ಪಾಚಿಯ ಸಾರದಿಂದ ಅಷ್ಟು ಅನಾಹುತ ಆಗಲಾರದು, ಆದರೂ ಹದ ಮೀರಿದ ಸಾರ ಬೀಜದ ಮೊಳಕೆಯನ್ನು ತಡೆಯುತ್ತದೆ. ಇನ್ನು ಪಾಚಿ ಸಾರಜನಕವನ್ನು ಹೀರುವಷ್ಟೇ ಸಲೀಸಾಗಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರುತ್ತದೆ. ಕಾರ್ಖಾನೆಯ ನೀರು ಸೇರಿದ ಚರಂಡಿಯ ಪಾಚಿಯನ್ನು ಸೊಪ್ಪು, ತರಕಾರಿಗೆ ಹೊಡೆಯುವ ಯೋಚನೆಯನ್ನೇ ಮಾಡಬಾರದು.

ಬಂಡೀಪುರ ಕಾಡಿನಂಚಿನ ಎನ್. ಬೇಗೂರಿನಂಥ ಊರುಗಳಿಗೆ ಈ ಕಾರಣಕ್ಕೇ ಒಂದು ಅನುಕೂಲವಿದೆ ಎಂದು ನನಗೆ ತೋರುತ್ತದೆ. ಇಲ್ಲಿನ ಕೊಳಚೆ ಎಂದರೆ ಮುಖ್ಯವಾಗಿ ಕೊಟ್ಟಿಗೆ ತೊಳೆದ ನೀರು, ಗಂಜಲ, ಗೋಬರ್ ಗ್ಯಾಸಿನ ಬಗ್ಗಡ, ಬಚ್ಚಲ ನೀರು. ಕೊಟ್ಟಿಗೆಯ ನೀರು ಕಪ್ಪಗಿದ್ದು ಬೆಳಕನ್ನು ತಡೆಯುವುದರಿಂದ ಹತ್ತಾರು ಪಟ್ಟು ತಿಳಿನೀರು ಬೆರೆಸಬೇಕು; ಸಾರಜನಕ, ರಂಜಕಗಳಿಗೆ ಅದರಲ್ಲಿ ಕೊರತೆಯಿಲ್ಲ. ಒಂದು ಗೇಣು ಆಳದ ತೊಟ್ಟಿ, ಬಿಸಿಲು, ದಿನಕ್ಕೆ ಹಲವು ಬಾರಿ ಕಲಕುವ ವ್ಯವಸ್ಥೆ ಇಷ್ಟಿದ್ದರೆ ಪಾಚಿ ಬೆಳೆಯುತ್ತದೆ. ಹೀಗೆ ಬಂದ ಸಾರವನ್ನು ಮೊದಲು ಹತ್ತಿ, ಹೊಗೆಸೊಪ್ಪಿನ ಸಸಿಮಡಿ, ಅರಣ್ಯ ಇಲಾಖೆಯ ನರ್ಸರಿಗಳಂಥ ತಿನ್ನದ ಬೆಳೆಗಳಲ್ಲಿ ಪರೀಕ್ಷಿಸಬಹುದು.

ಮೈಸೂರಿಗೆ ಈ ವಿದ್ಯೆ ಹೊಸದೂ ಅಲ್ಲ. ಇಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎಲ್.ವಿ. ವೆಂಕಟರಾಮನ್ ಮತ್ತು ಸಂಗಡಿಗರು 1970ರ ದಶಕದಲ್ಲೇ ಜರ್ಮನಿಯ ಸಹಕಾರದಿಂದ ಸೀನೆಡೆಸ್ಮಸ್, ಸ್ಪಿರುಲಿನಾ ಬೆಳೆಸುವ ಅಗ್ಗದ ವಿಧಾನಗಳನ್ನು ರೂಪಿಸಿದ್ದರು. ಕೇಂದ್ರ ಸರ್ಕಾರ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಕಡಲಪಾಚಿ ಸಾರವೂ ಸೇರಿದಂತೆ ಜೈವಿಕ ಬೆಳವಣಿಗೆ ಪ್ರಚೋದಕಗಳನ್ನು ಕಾನೂನಿನ ಚೌಕಟ್ಟಿಗೆ ತಂದಿದೆ. ವಿಜ್ಞಾನವೂ ಇದೆ, ಕಾನೂನೂ ಇದೆ. ಇಲ್ಲದಿರುವುದು ಹಳ್ಳಿಯ ತೊಟ್ಟಿಯಲ್ಲಿ ನಿಂತು ಮಾಡುವ ಪ್ರಯೋಗ. ಮೈಸೂರು ಜಿಲ್ಲೆಯ ಕೃಷಿ ವಿಜ್ಞಾನಿಗಳು ಒಂದು ಕೊಟ್ಟಿಗೆ, ಒಂದು ತೊಟ್ಟಿ, ಒಂದು ಹತ್ತಿ ಹೊಲ ಹಿಡಿದು ಎರಡು ಹಂಗಾಮು ಅಳತೆ ಮಾಡಿ ಫಲಿತಾಂಶವನ್ನು ಕನ್ನಡದಲ್ಲಿ ರೈತರ ಮುಂದಿಡಲಿ. ಅಲ್ಲಿಯವರೆಗೆ ರೈತರಲ್ಲಿ ನನ್ನ ಕೇಳಿಕೆ ಇಷ್ಟೇ: ಚರಂಡಿಯ ಹಸಿರು ನೀರನ್ನು ನೇರವಾಗಿ ಪೈರಿಗೆ ಹೊಡೆಯಬೇಡಿ, ಅಂಗಡಿಯಲ್ಲಿ ಟಾನಿಕ್ ಕೊಳ್ಳುವಾಗ ಬಾಟಲಿಯ ಮೇಲೆ ಒಳಗೇನಿದೆ ಎಂದು ಬರೆದಿದೆಯೇ ನೋಡಿ, ಬರೆದಿಲ್ಲದಿದ್ದರೆ ವಾಪಸು ಕೊಡಿ.